ಬಾಟಲಿಯಲ್ಲಿ ಕಡಲಿರಲಿಲ್ಲ

ಬಂದರಿನ ಹಿಂದಿನ ಬೀದಿಯಲ್ಲಿ, ಹಗ್ಗದ ಅಂಗಡಿಗೂ ಇಂಜಿನ್ ರಿಪೇರಿ ಶೆಡ್ಡಿಗೂ ನಡುವೆ ಒಂದು ಉದ್ದನೆಯ ಕೋಣೆ. ಅಲ್ಲಿ ಹಾಯಿಯಕ್ಕ ಮೂವತ್ತೆಂಟು ವರ್ಷಗಳಿಂದ ದಪ್ಪ ಬಟ್ಟೆ ಹೊಲಿಯುತ್ತಿದ್ದಳು. ಹಾಯಿಪಟ, ದೋಣಿಯ ಹೊದಿಕೆ, ಲಾರಿಯ ಟಾರ್ಪಾಲು, ಅಂಗಡಿಗಳ ಮುಂದೆ ಇಳಿಬಿಡುವ ಬಿಸಿಲುಪರದೆ, ಏನಾದರೂ ಸರಿ. ಅಪ್ಪನಿಂದ ಬಂದ ಕಸುಬು. ಅಂಗೈಗೆ ಚರ್ಮದ ಪಟ್ಟಿ ತೊಟ್ಟು ಮೇಣ ಸವರಿದ ದಾರವನ್ನು ಅವಳು ಎಳೆದಳೆಂದರೆ ಆ ಹೊಲಿಗೆ ಬಿಚ್ಚಲು ಚಾಕುವೇ ಬೇಕು. ಅವಳ ನಿಜವಾದ ಹೆಸರು ತಂಗಿಯನ್ನೂ ಬ್ಯಾಂಕಿನವರನ್ನೂ ಬಿಟ್ಟರೆ ಉಳಿದವರಿಗೆ ಮರೆತೇಹೋಗಿತ್ತು.

ಕೈಯಷ್ಟೇ ಅವಳ ಮೂಗೂ ಹೆಸರುವಾಸಿ. ಯಾರಾದರೂ ಹರಿದ ಹೊದಿಕೆ ತಂದರೆ ಮೊದಲು ಮೂಗಿಗೆ ಹಿಡಿಯುವಳು. "ಒದ್ದೆ ಇದ್ದಾಗಲೇ ಮಡಚಿಟ್ಟಿದ್ದೀರಿ. ಪಕ್ಕದಲ್ಲಿ ಡೀಸೆಲ್ ಡಬ್ಬ ಬೇರೆ. ಬೆಕ್ಕು ಮರಿ ಹಾಕಿದ್ದು ಇದರ ಮೇಲೇನಾ?" ಎನ್ನುವಳು. ತಂದವರು ಬಾಯಿ ತೆರೆದುಕೊಂಡು ನಿಲ್ಲುವರು. ಬೆಕ್ಕು ಮರಿ ಹಾಕಿದ್ದು ನಿಜವೇ ಆಗಿರುತ್ತಿತ್ತು.

ಈ ಮೂಗಿನ ಸುದ್ದಿ ಹೇಗೋ ದುಬಾರಿ ಸುಗಂಧ ಮಾಡುವ ಒಂದು ಕಂಪನಿಯ ಕಿವಿಗೆ ಬಿತ್ತು. ಹೋದ ವರ್ಷ ಅಲ್ಲಿಂದ ಒಬ್ಬ ಬಂದ. ಸುಗಂಧಗಳನ್ನು ಬೆರೆಸಿ ಹೊಸದನ್ನು ಮಾಡುವುದೇ ಅವನ ಕೆಲಸವಂತೆ. ನಲವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ, ಬೆಳ್ಳನೆಯ ಬೂಟು. ಆ ಬೂಟನ್ನು ಬಾಗಿಲಲ್ಲೇ ಬಿಟ್ಟು ಬಂದು ಟಾರ್ಪಾಲಿನ ರಾಶಿಯ ಮೇಲೆ ಕೂತ.

"ಕಡಲಿನ ವಾಸನೇನ ಬಾಟಲಿಯಲ್ಲಿ ತುಂಬಬೇಕು ಅಂತಿದೀನಿ. ಈಗ ಅಂಗಡಿಯಲ್ಲಿ ಸಿಗೋದೆಲ್ಲ ಸುಳ್ಳು. ನನಗೆ ನಿಜವಾದದ್ದು ಬೇಕು" ಎಂದ.

ಹಾಯಿಯಕ್ಕನ ತಂಗಿ ಅವನಿಗೆ ಮೂಗುರಾಯ ಎಂದು ಹೆಸರಿಟ್ಟಳು. ತಂಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಅಕ್ಕನಿಗಿಂತ ಎಂಟು ವರ್ಷ ಚಿಕ್ಕವಳು. ಗಂಡನನ್ನು ಬಿಟ್ಟು ಬಂದ ಮೇಲೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕನ ಜೊತೆಗೇ ಇದ್ದಳು. ಅಕ್ಕನಿಗೆ ಮಾತು ಕಮ್ಮಿ, ಇವಳಿಗೆ ಉಸಿರಾಡುವಷ್ಟೇ ಸಲೀಸು.

ಮೂಗುರಾಯ ಮೂರು ದಿನ ಬಂದ. ಹಾಯಿಯಕ್ಕ ಕೆಲಸ ಮಾಡುತ್ತಲೇ ಹೇಳಿದಳು: ಬಿಸಿಲಿಗೆ ಕಾದ ಡಾಂಬರು, ಮೂರು ದಿನ ನೆಂದ ಹಗ್ಗ, ಇಳಿತದ ಹೊತ್ತಿಗೆ ಕಲ್ಲಿನ ಮೇಲೆ ಒಣಗುವ ಪಾಚಿ, ಲಂಗರಿನ ತುಕ್ಕು, ಬಿರುಗಾಳಿಗೆ ಮುಂಚೆ ಗಾಳಿಯಲ್ಲಿ ಬರುವ ನಾಣ್ಯದಂಥ ವಾಸನೆ. ಅವನು ಪುಟಗಟ್ಟಲೆ ಬರೆದುಕೊಂಡ. ಮೂರನೆಯ ದಿನ ಮಧ್ಯಾಹ್ನ ಪುಸ್ತಕ ಮುಚ್ಚಿಟ್ಟು ಕೇಳಿದ: "ನೀವು ಕಳ್ಕೊಂಡ ಮೊದಲನೇ ವಾಸನೆ ಯಾವುದು?"

ಸೂಜಿ ಬಟ್ಟೆಯಲ್ಲೇ ನಿಂತಿತು. ಐವತ್ತೈದು ವರ್ಷದಲ್ಲಿ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಪರ ಊರಿನವನು, ನಾಳೆಯಿಂದ ಮತ್ತೆ ಕಣ್ಣಿಗೆ ಬೀಳುವವನಲ್ಲ ಎಂಬ ಧೈರ್ಯವೋ ಏನೋ, ಅವಳು ಹೇಳಿಬಿಟ್ಟಳು. ಅಮ್ಮನಿಗೂ ಹೇಳದ್ದನ್ನು, ತಂಗಿಗೂ ಹೇಳದ್ದನ್ನು ಹೇಳಿದಳು. ಮೂಗುರಾಯ ಕಣ್ಣೊರೆಸಿಕೊಂಡ. ಹೊರಡುವಾಗ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ನೀವು ವಿವರಿಸಿದ ವಾಸನೆಗಳನ್ನು ಬಳಸಿಕೊಳ್ಳಲು ಒಪ್ಪಿಗೆ, ಅಷ್ಟೇ ಎಂದ. ಅವಳು ಓದದೆ ಸಹಿ ಹಾಕಿದಳು.

ಮುಂದಿನದು ಅರ್ಥವಾಗಬೇಕಾದರೆ ಆ ಮನೆಯವರಿಗೆಲ್ಲ ಗೊತ್ತಿದ್ದ ಒಂದು ಹಳೆಯ ಸಂಗತಿಯನ್ನು ಇಲ್ಲಿ ಹೇಳಬೇಕು.

ಅವರಿಗೊಬ್ಬ ಅಣ್ಣನಿದ್ದ. ಹದಿನೇಳನೆಯ ವಯಸ್ಸಿಗೆ ಸರಕಿನ ದೋಣಿಯಲ್ಲಿ ಕೆಲಸಕ್ಕೆ ಸೇರಿದ. ಗಾಳಿಯೇ ಇಲ್ಲದ ಒಂದು ಬೆಳಿಗ್ಗೆ ಹೊರಟ ದೋಣಿ ವಾಪಸ್ಸು ಬರಲಿಲ್ಲ. ಆಗ ಹಾಯಿಯಕ್ಕನಿಗೆ ಹನ್ನೊಂದು, ತಂಗಿಗೆ ಮೂರು. ದೇಹವೂ ಸಿಗಲಿಲ್ಲ. ಹೊರಡುವ ಬೆಳಿಗ್ಗೆ ಅವನು ಹಳೆಯ ಅಂಗಿ ಕಳಚಿ ಹೊಸ ಸ್ವೆಟರ್ ತೊಟ್ಟಿದ್ದ. ನೀಲಿ ಚೌಕಳಿ ಅಂಗಿ, ಎಡ ಮೊಣಕೈಗೆ ತೇಪೆ, ಕಾಲರಿನ ಗುಂಡಿ ಇಲ್ಲ. ಸುದ್ದಿ ಬಂದ ಮೇಲೆ ಅಮ್ಮ ಕೇಳಿದ್ದು ಅದೊಂದನ್ನೇ. ಅಂಗಿ ಎಲ್ಲೂ ಇರಲಿಲ್ಲ.

ಆ ವಾರ ಮನೆ ನೋಡಿಕೊಂಡವಳು ಅಮ್ಮನ ತಂಗಿ. ಚಿಕ್ಕಮ್ಮ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಮನೆಯಲ್ಲಿ ಬಿದ್ದಿದ್ದ ಕೊಳೆಬಟ್ಟೆಯನ್ನೆಲ್ಲ ಮೂಟೆ ಕಟ್ಟಿ ಒಯ್ದು, ಒಗೆದು, ಇಸ್ತ್ರಿ ಮಾಡಿ ತಂದಿದ್ದಳು. "ನನ್ನ ಮಗನ ಅಂಗಿ ಎಲ್ಲೇ?" ಎಂದು ಅಮ್ಮ ಕೇಳಿದಾಗ ಅವಳು ತಲೆ ತಗ್ಗಿಸಿ, "ಮೂಟೆಯಲ್ಲಿ ಎಲ್ಲೋ ಕಳೆದುಹೋಯ್ತೇನೋ" ಎಂದಿದ್ದಳು. ಅಮ್ಮ ಅವಳನ್ನು ಹೊಸಿಲಿನಿಂದಾಚೆ ಕಳಿಸಿದಳು. ಆಮೇಲೆ ಮೂವತ್ತೊಂಬತ್ತು ವರ್ಷ, ತಾನು ಸಾಯುವವರೆಗೆ, ಒಡಹುಟ್ಟಿದವಳ ಜೊತೆ ಒಂದು ಮಾತೂ ಆಡಲಿಲ್ಲ. ಕಪಾಟು ಒರೆಸುವಾಗಲೆಲ್ಲ "ಆ ನೀಲಿ ಚೌಕಳಿ ಅಂಗಿ" ಎಂದು ಗೊಣಗುತ್ತ ತಡಕಾಡುವಳು. ತಂಗಿಗೆ ಅಣ್ಣನ ಮುಖ ನೆನಪಿರಲಿಲ್ಲ, ಅಂಗಿ ಮಾತ್ರ ತೇಪೆ ಸಮೇತ ಬಾಯಿಪಾಠವಾಗಿತ್ತು.

ಇಷ್ಟು ಎಲ್ಲರಿಗೂ ಗೊತ್ತಿದ್ದ ಕಥೆ.

ಸುಗಂಧದ ಬಿಡುಗಡೆಗೆ ಕರೆಯೋಲೆ ಬಂತು. ಕಾರ್ಡು ಎಷ್ಟು ದಪ್ಪವಿತ್ತೆಂದರೆ, ತಂಗಿ ಅದನ್ನು ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಇಟ್ಟು ನೋಡಿ, "ಸರಿಯಾಗಿ ಕೂತ್ಕೊಳ್ತು ನೋಡು" ಎಂದಳು. ಸುಗಂಧದ ಹೆಸರು ‘ಅಲೆಯ ನೆನಪು’.

"ನಾನು ಬರಲ್ಲ. ನೀನು ಹೋಗಿ ಬಾ" ಎಂದಳು ಅಕ್ಕ.

"ಮೂಗು ನಿಂದು, ಹೋಗೋದು ನಾನಾ? ಸುಮ್ಮನೆ ಎದ್ದು ತಲೆ ಬಾಚ್ಕೋ."

ಸಂಜೆ ನಾಲ್ಕಕ್ಕೆ ದೊಡ್ಡ ಹೋಟೆಲೊಂದರ ಮಹಡಿಯ ಹಾಲಿಗೆ ಹೋದರು. ಛಾವಣಿಯಿಂದ ನೀಲಿ ಬಟ್ಟೆಗಳನ್ನು ಅಲೆಯಂತೆ ಇಳಿಬಿಟ್ಟಿದ್ದರು. ಹಾಯಿಯಕ್ಕ ಒಂದರ ಅಂಚು ತಿರುಗಿಸಿ ನೋಡಿ, "ಇದನ್ನ ಹೊಲಿದವನಿಗೆ ಎರಡೂ ಕೈ ಎಡಗೈ" ಎಂದಳು. ಒಳಗೊಳಗೆ ಅವಳಿಗೆ ಖುಷಿಯೇ ಇತ್ತು. ವರ್ಷದಿಂದ ಅವಳು ಆ ಬಾಟಲಿಗಾಗಿ ಕಾದಿದ್ದಳು. ಒಳಗೆ ಡಾಂಬರು ಇರುತ್ತದೆ, ಹಗ್ಗ ಇರುತ್ತದೆ, ಬಹುಶಃ ಇನ್ನೂ ಒಂದು ಇರುತ್ತದೆ, ತಾನು ಮೂಗುರಾಯನಿಗೆ ಹೇಳಿದ್ದು. ಯಾರಿಗೆ ಗೊತ್ತು, ಅವನಿಗೆ ಅದು ಕೈಗೂಡಿರಲೂಬಹುದು.

ಕಪ್ಪು ಕೋಟಿನ ಹುಡುಗಿಯೊಬ್ಬಳು ಎಲ್ಲರ ಕೈಗೂ ಸುಗಂಧ ಸಿಂಪಡಿಸಿದ ಕಾಗದದ ಪಟ್ಟಿ ಕೊಟ್ಟಳು. ಹಾಯಿಯಕ್ಕ ಕಣ್ಣು ಮುಚ್ಚಿ ಮೂಗಿಗೆ ಹಿಡಿದಳು.

ಕಣ್ಣು ತೆರೆದಳು. ಮತ್ತೆ ಹಿಡಿದಳು.

"ಅಕ್ಕಾ, ಸೌತೆಕಾಯಿ ಹೆಚ್ಚಿದ ಹಾಗಿದೆಯಲ್ಲೇ" ಎಂದಳು ತಂಗಿ. "ಆಮೇಲೆ ನಮ್ಮ ಆಸ್ಪತ್ರೆ ನೆಲ ಒರೆಸಿದ ಹಾಗೆ."

ಹಾಯಿಯಕ್ಕನಿಗೆ ಮೊದಲು ಬಂದದ್ದು ತನ್ನ ಮೂಗೇ ಕೆಟ್ಟಿತೆಂಬ ಭಯ. ಗಾಬರಿಯಿಂದ ಹೆಬ್ಬೆರಳನ್ನು ಮೂಸಿದಳು. ಅಲ್ಲಿ ಮೇಣ ಇತ್ತು, ನಾರಿನ ದಾರ ಇತ್ತು, ಬೆಳಿಗ್ಗೆ ಟಾರ್ಪಾಲಿನ ತೂತಿಗೆ ಕೂರಿಸಿದ ಹಿತ್ತಾಳೆ ಬಳೆಯ ವಾಸನೆಯೂ ಇತ್ತು. ಮೂಗು ನೆಟ್ಟಗೇ ಇದೆ. ಮತ್ತೆ ಕಾಗದ ಮೂಸಿದಳು. ಸೋಪು, ಸಕ್ಕರೆ, ಸೌತೆಕಾಯಿ. ಡಾಂಬರಿಲ್ಲ, ಪಾಚಿಯಿಲ್ಲ, ಹಗ್ಗದ ಒಂದು ಎಳೆಯೂ ಇಲ್ಲ. ಉಪ್ಪು ಸಹ ಇಲ್ಲ! ಮೂರು ದಿನ ಹೇಳಿದ್ದರಲ್ಲಿ ಒಂದೇ ಒಂದು ವಸ್ತುವೂ ಅದರೊಳಗೆ ಇರಲಿಲ್ಲ. ಸುತ್ತಲಿನವರು ಪಟ್ಟಿಯನ್ನು ಮೂಗಿನ ಮುಂದೆ ಬೀಸಿಕೊಂಡು "ಅಬ್ಬಾ, ಕಡಲ ತೀರದಲ್ಲೇ ನಿಂತ ಹಾಗಿದೆ" ಎನ್ನುತ್ತಿದ್ದರು.

ಅಷ್ಟರಲ್ಲಿ ದೀಪ ಆರಿ ಗೋಡೆಯ ಮೇಲೆ ಚಿತ್ರ ಮೂಡಿತು. ಅಲೆಗಳು, ಒಂದು ಖಾಲಿ ದೋಣಿ, ಬರಿಗಾಲಲ್ಲಿ ಓಡುವ ಒಬ್ಬ ಹುಡುಗ. ಅದರ ಮೇಲೆ ಮೂಗುರಾಯನ ದನಿ:

"ನನಗೊಬ್ಬ ಅಣ್ಣನಿದ್ದ. ಗಾಳಿಯೇ ಇಲ್ಲದ ಒಂದು ಬೆಳಿಗ್ಗೆ ಅವನು ಕಡಲಿಗೆ ಹೋದ."

"ಅಯ್ಯೋ ಪಾಪ, ಇವನಿಗೂ ಹಾಗೇ ಆಗಿತ್ತಾ!" ಎಂದು ತಂಗಿ ಪಿಸುಗುಟ್ಟಿದಳು. ಹಾಯಿಯಕ್ಕ ಕುರ್ಚಿಯ ಕೈ ಹಿಡಿದುಕೊಂಡಳು.

"ಅವನು ಕಳಚಿಟ್ಟು ಹೋದ ಅಂಗಿಯೊಂದು ಉಳಿದಿತ್ತು. ನೀಲಿ ಚೌಕಳಿ. ಮೊಣಕೈಗೆ ತೇಪೆ. ಕಾಲರಿಗೆ ಗುಂಡಿಯಿಲ್ಲ. ಅದರಲ್ಲಿ ಅವನ ವಾಸನೆಯಿತ್ತು. ನಾನದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟೆ. ಅಮ್ಮ ಮನೆಯೆಲ್ಲ ಹುಡುಕಿದಳು. ನಾನು ಹೇಳಲಿಲ್ಲ. ಆ ವಾಸನೆ ನನ್ನೊಬ್ಬನದೇ ಆಗಿರಬೇಕಿತ್ತು. ಆ ಅಂಗಿ ಇಂದಿಗೂ ನನ್ನ ಬಳಿ ಇದೆ. ಅದರ ನೆನಪೇ ಈ ಸುಗಂಧ."

ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೀರು ಒರೆಸಿಕೊಂಡಳು.

ತಂಗಿ ಗೋಡೆ ನೋಡುತ್ತಿದ್ದಳು, ಆಮೇಲೆ ಅಕ್ಕನ ಮುಖ ನೋಡಿದಳು. ದೀಪ ಹತ್ತಿದಾಗ ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ತಂಗಿಗೆ ಅಲ್ಲೇ ಗೊತ್ತಾಯಿತು.

ತಂಗಿ ಅವಳ ರಟ್ಟೆ ಹಿಡಿದು ಎಬ್ಬಿಸಿ ಹೊರಗಿನ ಮೊಗಸಾಲೆಗೆ ಎಳೆದುಕೊಂಡು ಹೋದಳು.

"ನಿನ್ನ ಹತ್ರ ಇತ್ತಾ?"

ಅಕ್ಕ ಕೈಯಲ್ಲಿದ್ದ ಕಾಗದದ ಪಟ್ಟಿಯನ್ನು ಮಡಚಿದಳು.

"ಅಕ್ಕಾ, ಅಂಗಿ ನಿನ್ನ ಹತ್ರ ಇತ್ತಾ ಅಂತ ಕೇಳ್ತಿದೀನಿ."

"ಇತ್ತು."

"ಅಮ್ಮ ಕೊನೇ ದಿನ ಕೂಡ ಕೇಳಿದ್ಲಲ್ಲೇ! ಆಕ್ಸಿಜನ್ ಮಾಸ್ಕ್ ಸರಿಸಿ ಸರಿಸಿ ಕೇಳಿದ್ಲು. ನೀನು ಅಲ್ಲೇ ಕೂತಿದ್ದೆ. ಅವಳ ಕಾಲು ಒತ್ತುತ್ತಾ ಕೂತಿದ್ದೆ!" ಆಮೇಲೆ ತಂಗಿ ಏನೋ ಹೊಳೆದಂತೆ ಅಕ್ಕನ ಎರಡೂ ಭುಜ ಹಿಡಿದಳು. "ಹೋಗಲಿ ಬಿಡು. ಈಗ ಎಲ್ಲಿದೆ? ಇಂದಿಗೂ ಇದೆ ಅಂದನಲ್ಲ ಅವನು. ನನಗೆ ಕೊಡು. ಒಂದ್ಸಲ ಮೂಸಿ ವಾಪಸ್ ಕೊಡ್ತೀನಿ. ನನಗೆ ಅಣ್ಣ ಅಂದ್ರೆ ಏನೂ ಇಲ್ಲ ಕಣೇ, ಮುಖ ಇಲ್ಲ, ದನಿ ಇಲ್ಲ. ಕೊಡು."

"ಇಲ್ಲ" ಎಂದಳು ಹಾಯಿಯಕ್ಕ. "ಅದು ಅವನು ಸೇರಿಸಿದ ಸುಳ್ಳು. ಎಂಟು ತಿಂಗಳಿಗೆಲ್ಲ ವಾಸನೆ ಹೋಯ್ತು. ಬರೀ ಹಾಸಿಗೆ ಹತ್ತಿ ವಾಸನೆ ಬರ್ತಿತ್ತು. ಅಷ್ಟು ಹೊತ್ತಿಗೆ ಚಿಕ್ಕಮ್ಮನ್ನ ಹೊರಗೆ ಹಾಕಿ ಆಗಿತ್ತು. ಹೇಗೆ ತಂದು ಕೊಡ್ಲಿ? ಹೆದರಿಕೆ ಆಯ್ತು. ಅಪ್ಪ ಮೇಣ ಕಾಯಿಸ್ತಿದ್ದ ಒಲೆಗೆ ಹಾಕ್ಬಿಟ್ಟೆ."

ತಂಗಿ ಹಿಂದೆ ಸರಿದಳು. ಬೆನ್ನು ಗೋಡೆಗೆ ತಾಗಿತು. "ಸುಟ್ಟೆಯಾ?" ಎಂದಳು, ಅಷ್ಟೇ.

ಆ ಹೊತ್ತಿಗೆ ಸರಿಯಾಗಿ ಮೂಗುರಾಯ ಹೊರಗೆ ಬಂದ. ಕೈಯಲ್ಲಿ ಒಂದು ನೀಲಿ ಪೆಟ್ಟಿಗೆ, ಮುಖದಲ್ಲಿ ನಗು. "ಬಂದ್ರಾ! ನಿಮ್ಮನ್ನೇ ಹುಡುಕ್ತಿದ್ದೆ. ಹೇಗಿದೆ?"

"ನಿಮಗೆ ಅಣ್ಣ ಇದ್ದಾನಾ?" ಎಂದಳು ಹಾಯಿಯಕ್ಕ.

ಅವನ ನಗು ಅಲ್ಲೇ ನಿಂತಿತು. "ಮೇಡಂ, ಅದು... ಒಂದು ನಿರೂಪಣೆ. ನೀವು ಸಹಿ ಹಾಕಿದ್ರಿ."

"ವಾಸನೆಗೆ ಹಾಕಿದ್ದೆ. ಅದರಲ್ಲಿ ನಾನು ಹೇಳಿದ ವಾಸನೆ ಒಂದಾದರೂ ಇದೆಯಾ?"

ಅವನು ಸುತ್ತ ನೋಡಿ ದನಿ ತಗ್ಗಿಸಿದ. ಆಗ ಅವನು ಹೇಳಿದ್ದು ಸುಳ್ಳಿರಲಾರದು ಎಂದು ಹಾಯಿಯಕ್ಕನಿಗೆ ಆಮೇಲೂ ಅನಿಸುತ್ತಿತ್ತು. "ಮೊದಲು ಮಾಡಿದ್ದರಲ್ಲಿ ಎಲ್ಲ ಇತ್ತು. ಡಾಂಬರು, ಹಗ್ಗ, ಎಲ್ಲ. ಕಂಪನಿಯವರು ಇನ್ನೂರು ಜನರ ಕೈಲಿ ಮೂಸಿಸಿದ್ರು. ಹಳೇ ಗೋದಾಮು ಅಂದ್ರು, ಒದ್ದೆ ನಾಯಿ ಅಂದ್ರು. ಡಾಂಬರು ತೆಗೆ ಅಂದ್ರು, ತೆಗೆದೆ. ಪಾಚಿ ತೆಗೆ ಅಂದ್ರು. ನಲವತ್ತೊಂದು ಸಲ ಬದಲಾಯಿಸಿದೆ. ಕೊನೆಗೆ ಕಡಲಿನದು ಅಂತ ಏನೂ ಉಳೀಲಿಲ್ಲ. ಅದಕ್ಕೇ ಅವರಿಗೆ ಕಥೆ ಬೇಕಾಯ್ತು."

"ಅಂದ್ರೆ ನಮ್ಮಣ್ಣನ್ನ ಸೌತೆಕಾಯಿ ನೀರಿಗೆ ಮಾರಿದ್ರಿ" ಎಂದಳು ತಂಗಿ. ಹಾಗೆ ಹೇಳಿ ಅವನ ಕೈಯಿಂದ ಪೆಟ್ಟಿಗೆ ಕಸಿದುಕೊಂಡು ಮೆಟ್ಟಿಲಿಳಿದು ಹೋಗಿಬಿಟ್ಟಳು. ಅಕ್ಕನಿಗಾಗಿ ನಿಲ್ಲಲಿಲ್ಲ.

ಮೂಗುರಾಯ ತಲೆ ತಗ್ಗಿಸಿ ನಿಂತಿದ್ದ. ಅವನ ಬೆಳ್ಳನೆಯ ಬೂಟು ನೋಡುತ್ತ ಹಾಯಿಯಕ್ಕ ಹೇಳಿದಳು: "ಆ ಮಾತನ್ನೆಲ್ಲ ತೆಗೆಸಿ. ನನಗೆ ಬೇರೇನೂ ಬೇಡ."

ಆಮೇಲಿನ ದಿನಗಳಲ್ಲಿ ಮೇಲಿನ ಎರಡು ಕೋಣೆಗಳಲ್ಲಿ ಮಾತೇ ಇರಲಿಲ್ಲ. ತಂಗಿ ಬೆಳಿಗ್ಗೆ ಬೇಗ ಹೋಗುವಳು, ಬರುವಾಗ ತಿಂದುಕೊಂಡೇ ಬರುವಳು. ಯಾವಾಗಲೂ ವಟಗುಟ್ಟುವವಳು ಸುಮ್ಮನಿದ್ದರೆ ಮನೆ ಎಷ್ಟು ದೊಡ್ಡದಾಗುತ್ತದೆ ಎಂಬುದು ಹಾಯಿಯಕ್ಕನಿಗೆ ಆಗ ತಿಳಿಯಿತು. ಅಂಗಡಿಯಲ್ಲಿ ಅವಳ ಕೈ ತಪ್ಪತೊಡಗಿತು. ಒಂದು ದೋಣಿಯ ಹೊದಿಕೆಯನ್ನು ಒಳಗಿನದು ಹೊರಗೆ ಮಾಡಿ ಹೊಲಿದು, ಇಡೀ ದಿನ ಕೂತು ಬಿಚ್ಚಿದಳು.

ಎಂಟನೆಯ ದಿನ ತಂಗಿ ಅಂಗಡಿಗೆ ಇಳಿದು ಬಂದು ಬಾಗಿಲಲ್ಲಿ ನಿಂತಳು.

"ಚಿಕ್ಕಮ್ಮ ಬದುಕಿದಾಳೆ. ಅದೇ ಲಾಂಡ್ರಿ ಮೇಲಿನ ಕೋಣೆಯಲ್ಲಿದಾಳೆ. ಹೋದ ತಿಂಗಳು ರಕ್ತ ಪರೀಕ್ಷೆಗೆ ಅಂತ ನಮ್ಮ ಲ್ಯಾಬಿಗೆ ಬಂದಿದ್ಲು. ನನ್ನ ಗುರುತು ಹಿಡಿದು ಮಾತಾಡಿಸೋಕೆ ಬಂದ್ಲು. ಅಂಗಿ ಕಳೆದವಳು ಅಂತ ನಾನು ಮುಖ ತಿರುಗಿಸಿದೆ ಅಕ್ಕಾ. ಎಪ್ಪತ್ತಾರು ವರ್ಷದ ಮುದುಕಿ. ತೋಳಿಗೆ ಹತ್ತಿ ಒತ್ತಿಕೊಂಡು ಸುಮ್ಮನೆ ಹೋದ್ಲು." ಅವಳು ಮೂಗು ಎಳೆದುಕೊಂಡಳು. "ನೀನು ಹೋಗಿ ಹೇಳ್ಬೇಕು. ನಾನೂ ಬರ್ತೀನಿ. ಆದ್ರೆ ಹೇಳೋದು ನೀನೇ."

ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಇಷ್ಟು ವರ್ಷ ಹಾಯಿಯಕ್ಕ ಆ ಬೀದಿಯನ್ನು ತಪ್ಪಿಸಲು ಎಲ್ಲಿಗೆ ಹೋಗಬೇಕಾದರೂ ಸುತ್ತುಬಳಸಿ ಹೋಗುತ್ತಿದ್ದಳು. ಲಾಂಡ್ರಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತುವಾಗ ಕೆಳಗಿನಿಂದ ಹಬೆ ಬರುತ್ತಿತ್ತು. ಬಾಗಿಲು ತೆರೆದವಳು ಅಮ್ಮನೇ ಎನಿಸಿ ಹಾಯಿಯಕ್ಕ ಬೆಚ್ಚಿದಳು. ಅದೇ ಹಣೆ, ಅದೇ ಗಲ್ಲ. ಅಮ್ಮನಿಗಿಂತ ಗಿಡ್ಡ, ಅಷ್ಟೇ.

"ಬನ್ನಿ" ಎಂದಳು ಚಿಕ್ಕಮ್ಮ, ನಿನ್ನೆ ಬಂದು ಹೋದವರನ್ನು ಕರೆಯುವಂತೆ. "ಆ ಕುರ್ಚಿ ಕಾಲು ಮುರಿದಿದೆ. ಮಂಚದ ಮೇಲೆ ಕೂತ್ಕೊಳ್ಳಿ."

ಹಾಯಿಯಕ್ಕ ಕೂರಲಿಲ್ಲ. ನಿಂತೇ ಹೇಳಿದಳು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, "ಚಿಕ್ಕಮ್ಮ, ಅಂಗಿ ನೀವು ಕಳೀಲಿಲ್ಲ. ನಾನೇ ತೆಗೆದಿಟ್ಟಿದ್ದೆ" ಎಂಬುದಷ್ಟೇ ಹೊರಬಂತು.

ಚಿಕ್ಕಮ್ಮ ಸ್ಟೌ ಹತ್ತಿಸಿ ಚಹಾಕ್ಕೆ ನೀರಿಟ್ಟಳು. "ಗೊತ್ತು" ಎಂದಳು.

ತಂಗಿ ಮಂಚದಿಂದ ಎದ್ದೇಬಿಟ್ಟಳು. "ಏನು ಗೊತ್ತು?"

"ಅದೇ, ಇವಳ ಹತ್ರ ಇದ್ದದ್ದು." ಮುದುಕಿ ಸ್ಟೌ ಉರಿ ಸಣ್ಣ ಮಾಡಿದಳು. "ಒಗೆದ ಬಟ್ಟೆ ತಂದ ದಿನ ಹಾಸಿಗೆಗೆ ಹೊದಿಕೆ ಹಾಕೋಣ ಅಂತ ಒಳಗೆ ಹೋದೆ. ನಡು ಮಧ್ಯಾಹ್ನ. ಇವಳು ನಿದ್ದೆ ಮಾಡ್ತಿದ್ಲು, ಮುಖ ಹಾಸಿಗೆ ಅಂಚಿಗೆ ಒತ್ತಿಕೊಂಡು. ಅಲ್ಲಿಂದ ಅಂಗಿ ತೋಳು ಹೊರಗೆ ಬಂದಿತ್ತು. ಅದನ್ನ ಮುಷ್ಟಿಯಲ್ಲಿ ಹಿಡ್ಕೊಂಡಿದ್ಲು. ನಾನೇ ಮೆಲ್ಲಗೆ ಒಳಗೆ ತಳ್ಳಿದೆ, ನಿಮ್ಮಮ್ಮನ ಕಣ್ಣಿಗೆ ಬೀಳದೆ ಇರಲಿ ಅಂತ."

ಹಾಯಿಯಕ್ಕ ಮುರಿದ ಕುರ್ಚಿಯನ್ನೇ ಹಿಡಿದುಕೊಂಡಳು. ನಲವತ್ತೈದು ವರ್ಷ ಅವಳು ತನ್ನೊಬ್ಬಳದೇ ಎಂದುಕೊಂಡು ಹೊತ್ತ ಗುಟ್ಟನ್ನು ಇನ್ನೊಬ್ಬಳು, ಅದೂ ಆ ಗುಟ್ಟಿನಿಂದಲೇ ಮನೆ ಕಳೆದುಕೊಂಡವಳು, ಮೊದಲ ವಾರದಿಂದಲೇ ಬಲ್ಲವಳಾಗಿದ್ದಳು!

"ಮತ್ತೆ ಯಾಕೆ... ಯಾಕೆ ಹೇಳಲಿಲ್ಲ? ಅಮ್ಮ ನಿಮ್ಮನ್ನ ಅಷ್ಟು ಅಂದಳು!"

"ಹೇಳಿದ್ರೆ ನಿನ್ನ ಕೈಯಿಂದ ಕಿತ್ಕೊಳ್ತಿದ್ಲು. ಕಿತ್ಕೊಂಡು ನಿನ್ನನ್ನ ಬಿಡ್ತಿದ್ಲಾ? ಆಗ ಅವಳು ಹುಚ್ಚಿಯ ಹಾಗಿದ್ಲು. ನೀನು ಹನ್ನೊಂದು ವರ್ಷದ ಕೂಸು. ಹೊಡೆತ ಬಿದ್ರೆ ನನಗೆ ಬೀಳಲಿ ಅಂತ ಮೂಟೆ ಕಥೆ ಹೇಳಿದೆ." ಚಹಾಪುಡಿಯ ಡಬ್ಬದ ಮುಚ್ಚಳ ಬಿಗಿಯಾಗಿತ್ತು. ಅವಳು ಅದನ್ನು ತಂಗಿಯ ಕೈಗೆ ಕೊಟ್ಟು ತೆಗೆಸಿದಳು. "ನಾಲ್ಕು ದಿನ ಮುನಿಸ್ಕೊಳ್ತಾಳೆ, ಆಮೇಲೆ ಸರಿ ಹೋಗ್ತಾಳೆ ಅಂದ್ಕೊಂಡೆ. ಇಷ್ಟು ಉದ್ದ ಎಳೀತಾಳೆ ಅಂತ ನನಗೇನು ಗೊತ್ತಿತ್ತು?"

ಹಾಯಿಯಕ್ಕ ಅತ್ತದ್ದನ್ನು ತಂಗಿ ಅದುವರೆಗೆ ನೋಡಿರಲಿಲ್ಲ. ಅಮ್ಮ ಸತ್ತಾಗಲೂ ಅವಳು ಹಲ್ಲು ಕಚ್ಚಿಕೊಂಡು ಓಡಾಡಿದ್ದಳು. ಈಗ ಸ್ಟೌ ಮುಂದೆ ಕೂತಿದ್ದ ಚಿಕ್ಕಮ್ಮನ ಮಡಿಲಿಗೆ ಕುಸಿದು, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು. "ಸುಟ್ಟುಬಿಟ್ಟೆ ಚಿಕ್ಕಮ್ಮ, ಅದನ್ನ ನಾನು ಸುಟ್ಟುಬಿಟ್ಟೆ" ಎಂದಳು. ಮುದುಕಿ ಅವಳ ತಲೆ ತಟ್ಟುತ್ತಾ, "ಬಟ್ಟೆ ಅಲ್ವೇನೇ, ನಾನು ಎಷ್ಟು ಸಾವಿರ ಬಟ್ಟೆ ಹಾಳಾಗಿದ್ದು ನೋಡಿಲ್ಲ" ಎಂದಳು. ಚಹಾ ಉಕ್ಕಿ ಸ್ಟೌ ಆರಿಹೋಯಿತು. ಯಾರೂ ಏಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ತಂಗಿ ಚೀಲದಿಂದ ನೀಲಿ ಪೆಟ್ಟಿಗೆ ತೆಗೆದು, ಇದೆಲ್ಲ ಬಯಲಾದದ್ದು ಹೇಗೆ ಎಂಬುದನ್ನು ಕೈಬಾಯಿ ತಿರುಗಿಸಿ ವಿವರಿಸಿದಳು. ಅವಳ ಮಾತು ಮರಳಿ ಬಂದಿತ್ತು. ಚಿಕ್ಕಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮುಂಗೈಗೆ ಒಂದಿಷ್ಟು ಸಿಂಪಡಿಸಿಕೊಂಡು ಮೂಸಿದಳು.

"ಇದು ಕಡಲಾ? ಯಾವನು ಹೇಳಿದ್ದು? ಇದು ನಮ್ಮ ಲಾಂಡ್ರಿಯಲ್ಲಿ ಕೊನೇ ನೀರಿಗೆ ಹಾಕ್ತೀವಲ್ಲ, ಬಟ್ಟೆ ಮೆತ್ತಗಾಗೋಕೆ, ಅದು! ಕೆಳಗೆ ಹತ್ತು ಕ್ಯಾನು ಬಿದ್ದಿದೆ, ಬೇಕಾದ್ರೆ ತಗೊಂಡು ಹೋಗಿ."

ತಂಗಿ ನಕ್ಕ ರಭಸಕ್ಕೆ ಮಂಚ ಕಿರುಗುಟ್ಟಿತು. ಹಾಯಿಯಕ್ಕನೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಬಾಟಲಿ ಕೊನೆಗೆ ಲ್ಯಾಬಿನ ಶೌಚಾಲಯದ ಕಿಟಕಿಯ ಮೇಲೆ ನೆಲೆ ಕಂಡಿತು. ಅಲ್ಲಿ ಎಲ್ಲರೂ ಅದನ್ನು ಮೆಚ್ಚಿಕೊಂಡರಂತೆ.

"ಚಿಕ್ಕಮ್ಮ, ಅಣ್ಣ ಹೇಗಿದ್ದ?" ಎಂದು ತಂಗಿ ಕೇಳಿದಳು.

"ಅವನಾ? ಬಲು ಪುಕ್ಕಲ. ಕಡಲು ಅಂದ್ರೆ ಅವನಿಗೆ ಆಗ್ತಾನೇ ಇರಲಿಲ್ಲ. ದೋಣಿ ಅಲ್ಲಾಡಿದ್ರೆ ವಾಂತಿ. ಪ್ರತಿ ಸಲ ಬಂದು ನನ್ನ ಲಾಂಡ್ರಿ ಹಿಂದೆ ಕೂತು, ‘ಚಿಕ್ಕಮ್ಮ, ಇದೇ ಕೊನೆ, ಇನ್ನು ಹೋಗಲ್ಲ’ ಅನ್ನೋನು. ಇಸ್ತ್ರಿ ಮೇಜಿನ ಕೆಲಸ ಕೊಡಿಸು ಅಂತ ನನ್ನ ಬೆನ್ನು ಬಿದ್ದಿದ್ದ. ನಾನು ಮಾಲೀಕನ್ನ ಕೇಳಿದ್ದೆ ಕೂಡ. ಮುಂದಿನ ತಿಂಗಳು ನೋಡೋಣ ಅಂದಿದ್ದ."

ಹಾಯಿಯಕ್ಕ ತಲೆಯೆತ್ತಿದಳು. ಇಷ್ಟು ವರ್ಷ ಅವಳ ಮನಸ್ಸಿನಲ್ಲಿ ಅಣ್ಣ ಕಡಲಿಗೇ ಹುಟ್ಟಿದವನು, ಎದೆ ಸೆಟೆಸಿ ದೋಣಿಯ ಮೂತಿಯಲ್ಲಿ ನಿಂತವನು. ಮೂಗುರಾಯನಿಗೂ ಹಾಗೆಯೇ ಹೇಳಿದ್ದಳು. "ವಾಂತಿನಾ?" ಎಂದಳು ದಂಗಾಗಿ.

"ಬಕೆಟ್ಟುಗಟ್ಟಲೆ" ಎಂದಳು ಚಿಕ್ಕಮ್ಮ.

ತಂಗಿ ಮಾತ್ರ ಮುಂದೆ ಬಾಗಿ, ಕಣ್ಣರಳಿಸಿ, "ಇನ್ನೂ ಹೇಳಿ, ಇನ್ನೂ ಹೇಳಿ" ಎನ್ನುತ್ತಿದ್ದಳು. ಚಿಕ್ಕಮ್ಮ ಹೇಳುತ್ತಲೇ ಹೋದಳು. ಅವನು ಸೀಟಿ ಹಾಕಲು ಬಾರದೆ ಉಗುಳು ಹಾರಿಸುತ್ತಿದ್ದದ್ದು, ಮೂರು ವರ್ಷದ ತಂಗಿಯನ್ನು ಒಗೆಯುವ ಬಟ್ಟೆಯ ಗಾಡಿಯಲ್ಲಿ ಕೂರಿಸಿ ಲಾಂಡ್ರಿ ತುಂಬ ತಳ್ಳಿಕೊಂಡು ಓಡುತ್ತಿದ್ದದ್ದು. "ನೀನು ಕಿರುಚ್ತಿದ್ದೆ ನೋಡು, ಗಿರಾಕಿಗಳು ಹೆದರಿ ಓಡಿಹೋಗ್ತಿದ್ರು" ಎಂದಾಗ ತಂಗಿ ತನ್ನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

ಹೊರಡುವ ಹೊತ್ತಿಗೆ ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ. ಚಿಕ್ಕಮ್ಮ ಬಾಗಿಲವರೆಗೆ ಬಂದವಳು ಹಾಯಿಯಕ್ಕನ ಕೈ ಬಿಡಲಿಲ್ಲ.

"ಕೊನೇಲಿ ನಿಮ್ಮಮ್ಮ ನನ್ನ ಸುದ್ದಿ ಏನಾದ್ರೂ ಎತ್ತಿದ್ಲಾ?"

ತಂಗಿ ಅಕ್ಕನನ್ನು ನೋಡಿದಳು. ‘ಹೌದು’ ಎನ್ನಬಹುದಿತ್ತು. ಒಂದೇ ಪದ, ಮುದುಕಿಗೆ ಸಮಾಧಾನ. ಹಾಯಿಯಕ್ಕನ ನಾಲಿಗೆಯ ತುದಿಯವರೆಗೂ ಅದು ಬಂದಿತ್ತು.

"ಇಲ್ಲ ಚಿಕ್ಕಮ್ಮ" ಎಂದಳು. "ಅಂಗಿ ಮಾತ್ರ ಕೇಳಿದ್ಲು."

ಚಿಕ್ಕಮ್ಮ ಬೀದಿಯ ಕಡೆ ತಿರುಗಿದಳು. "ಹಠಮಾರಿ" ಎಂದಳು. "ಹುಟ್ಟಿದಾಗಿನಿಂದ ಹಾಗೇ. ಒಂದು ಸಲ ನನ್ನ ಬಾಚಣಿಗೆ ಮುರಿದು ನನ್ನ ಮೇಲೇ ಎರಡು ತಿಂಗಳು ಮಾತು ಬಿಟ್ಟಿದ್ಲು."

ಮೂಗುರಾಯ ತಿಂಗಳಾದ ಮೇಲೆ ಫೋನ್ ಮಾಡಿ, ತನ್ನ ದನಿಯನ್ನು ಚಿತ್ರದಿಂದ ತೆಗೆಸಿದ್ದೇನೆ, ಕಂಪನಿಯನ್ನೂ ಬಿಟ್ಟಿದ್ದೇನೆ ಎಂದು ತಿಳಿಸಿದ. ಈಗ ಅಲ್ಲಿ ಬರೀ ಅಲೆಗಳ ಸದ್ದು ಇದೆಯಂತೆ. ಸುಗಂಧ ಚೆನ್ನಾಗಿಯೇ ಮಾರಾಟವಾಗುತ್ತಿದೆಯಂತೆ. ಹಾಯಿಯಕ್ಕ "ಸರಿ" ಎಂದು ಫೋನ್ ಇಟ್ಟಳು.

ಅಂದು ಅವಳಿಗೆ ಪುರುಸೊತ್ತಿರಲಿಲ್ಲ. ಚಿಕ್ಕಮ್ಮ ನಲವತ್ತೈದು ವರ್ಷದ ಮೇಲೆ ಮೊದಲ ಬಾರಿಗೆ ಮನೆಗೆ ಬರುವವಳಿದ್ದಳು. ತಂಗಿ ರಜೆ ಹಾಕಿ, ಬೆಳಗಿನಿಂದ ಮೇಲಿನ ಕೋಣೆಗಳನ್ನು ಗುಡಿಸುತ್ತ, ಮೆಟ್ಟಿಲ ತುದಿಯಿಂದ ಕೂಗುತ್ತಿದ್ದಳು: "ಅಕ್ಕಾ, ಇಷ್ಟು ವರ್ಷ ಆದ್ಮೇಲೆ ಆ ಮುದುಕಿಗೆ ದಾರಿ ಗೊತ್ತಾಗುತ್ತೇನೇ? ನೀನು ಕೆಳಗೆ ಬೀದಿ ತಿರುವಿನಲ್ಲೇ ನಿಂತಿರು, ಹೋಗು!"